ಚೀಲದ ಮೇಲೆ ಬರೆದ ಪಾಸ್‌ವರ್ಡ್

ಗೋಣಿಚೀಲಕ್ಕೆ ಗುರುತು ಹಾಕುವ ಕಪ್ಪು ಮಸಿಯ ಡಬ್ಬಿಯನ್ನು ಇವತ್ತು ಬೆಳಿಗ್ಗೆ ತೆರೆದೆ. ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಸೀಮೆಎಣ್ಣೆಗೂ ಬೂಟ್ ಪಾಲಿಶಿಗೂ ನಡುವಿನದು. ನಾನು ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಚೀಲಗಳ ಲೆಕ್ಕ ಬರೆಯುವವನು. ಈಗ ನಾಲ್ಕು ವರ್ಷದಿಂದ ಈ ಮಸಿ ಮೂಗಿಗೆ ಬಡಿದರೆ ಸಾಕು, ಒಬ್ಬನೇ ನಗುತ್ತೇನೆ. ಕಣದಲ್ಲಿ ಕಾಫಿ ಹರಡುವ ಹೆಂಗಸರು "ರೈಟ್ರಿಗೆ ಎಂತದೋ ಆಗಿದೆ" ಎಂದು ಮಾತಾಡಿಕೊಳ್ಳುತ್ತಾರೆ.

ಆಗಿದ್ದು ಆಳುಗಳ ಮೇಸ್ತ್ರಿ ಲಿಂಗಪ್ಪನವರಿಂದ. ಮಧ್ಯಾಹ್ನದ ಊಟವಾದ ಮೇಲೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಸಿಮೆಂಟ್ ಕಟ್ಟೆಯ ಮೇಲೆ ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ಮನೆಗಳನ್ನು ಇದ್ದಿಲಿನಲ್ಲಿ ಎಳೆದಿದ್ದೆವು, ನಾಲ್ಕು ಕವಡೆ ಅವರ ಜೇಬಿನಲ್ಲಿ ಸದಾ ಇರುತ್ತಿದ್ದವು. ಇಡೀ ತೋಟವನ್ನೇ ನಡುಗಿಸುವ ಆ ಮನುಷ್ಯ ಆಟದಲ್ಲಿ ಸೋತರೆ ಮಾತ್ರ ಚಿಕ್ಕ ಮಗುವಾಗುತ್ತಿದ್ದರು. "ಇವು ಕಳ್ಳ ಕವಡೆ ಮಾರಾಯ್ರೆ! ನಿಮ್ಮ ಮುಖ ನೋಡಿ ಬೀಳ್ತವೆ" ಎಂದು, ತಮ್ಮದೇ ಕವಡೆಗಳನ್ನು ಬೈಯುವರು.

ಒಂದು ದಿನ ಅವರು ಇಳಿಜಾರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಕಳಸದಲ್ಲಿರುವ ಮಗಳು ಸುಮಿತ್ರಾಳ ಮನೆಗೆ ಹೋದರು. ಎರಡು ವಾರದ ನಂತರ ಅವಳ ಫೋನ್ ಬಂತು.

"ಅಣ್ಣ, ಅಪ್ಪ ಮಾತೇ ಆಡ್ತಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾರೆ. ಊಟಕ್ಕೆ ಕರೆದ್ರೂ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಮೊಬೈಲಲ್ಲಿ ಚೌಕಾಬಾರ ಬಂದಿದೆಯಂತೆ. ಅವ್ರ ಫೋನಿಗೆ ನಾನು ಹಾಕಿದೀನಿ. ನೀವೂ ಹಾಕ್ಕೊಳ್ತೀರಾ? ನೀವು ಕರೆದ್ರೆ ಆಡ್ತಾರೇನೋ."

"ಅದೆಂತ ದೊಡ್ಡ ವಿಷ್ಯ? ಈಗಲೇ ಹಾಕ್ತೇನೆ" ಎಂದೆ. ಆ ಜಂಬಕ್ಕೆ ನನಗೆ ಒಂಬತ್ತು ದಿನದ ಶಿಕ್ಷೆಯಾಯಿತು.

ಮೊದಲಿಗೆ ಫೋನಿನಲ್ಲಿ ಜಾಗವಿಲ್ಲ ಎಂದಿತು. ಹುಡುಕಿದರೆ ಒಳಗೆಲ್ಲಾ ನೆಂಟರು ಕಳಿಸಿದ ಶುಭೋದಯದ ಗುಲಾಬಿ ಹೂಗಳು. ಅವನ್ನು ಕಿತ್ತು ಕಿತ್ತು ಎಸೆಯುವಷ್ಟರಲ್ಲಿ ಒಂದು ದಿನ ಕಳೆಯಿತು. ಆಮೇಲೆ ನೆಟ್‌ವರ್ಕ್. ನಮ್ಮಲ್ಲಿ ಮಾತಾಡುವಷ್ಟು ಸಿಗ್ನಲ್ ಎಲ್ಲೆಡೆ ಇದೆ, ಇಂಟರ್ನೆಟ್ ಸಿಗುವುದು ಮಾತ್ರ ಕಣದ ಮೂಡಣ ಮೂಲೆಯಲ್ಲಿ, ಅದೂ ತಕ್ಕಡಿ ಇಡುವ ದೊಡ್ಡ ಕಲ್ಲಿನ ಮೇಲೆ ಹತ್ತಿ ನಿಂತರೆ. ತೊಂಬತ್ತೇಳು ಪರ್ಸೆಂಟ್ ಇಳಿದಾಗ ತೋಟದ ಸಾಹುಕಾರರ ಫೋನ್ ಬಂದು ಎಲ್ಲ ಮೊದಲಿನಿಂದ ಶುರುವಾಯಿತು. ಸಾಹುಕಾರರಿಗೆ ಏನನ್ನೂ ಹೇಳುವ ಹಾಗಿಲ್ಲ. ಕಲ್ಲಿನ ಮೇಲೆ ನಿಂತೇ "ಹೌದು ಸಾರ್" ಎಂದೆ.

ಅಂತೂ ಇಳಿಯಿತು. ನೋಂದಣಿ ಮಾಡು ಎಂದಿತು. ಹೆಸರು ಕೊಟ್ಟರೆ, ಈ ಹೆಸರಿನವರು ಆಗಲೇ ಇದ್ದಾರೆ ಎಂದಿತು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮೂವರಿದ್ದರೆ ನಾವು ತಂದೆಯ ಹೆಸರು, ತೋಟದಲ್ಲಿ ಅವರು ಕೆಲಸ ಮಾಡುವ ಡಿವಿಷನ್ ಹೆಸರು ಸೇರಿಸುತ್ತೇವಲ್ಲ, ಹಾಗೆ ಮಾಡಿದೆ, ಉದ್ದವಾಯಿತು ಎಂದಿತು. ಅರ್ಧ ಕತ್ತರಿಸಿದ ಮೇಲೆ ಒಪ್ಪಿತು. ಕೊನೆಗೆ, ನೀನು ಮನುಷ್ಯನೆಂದು ತೋರಿಸು, ಬಸ್ಸಿರುವ ಚಿತ್ರಗಳನ್ನೆಲ್ಲಾ ಒತ್ತು ಎಂದಿತು. ಎರಡು ಬಸ್ಸು, ಒಂದು ಜೀಪು ಇದ್ದವು. ಮೂಡಿಗೆರೆ ಸಂತೆಯ ದಿನ ನಮ್ಮ ಜೀಪಿನಲ್ಲಿ ಹದಿನೆಂಟು ಜನ ಬರುತ್ತಾರೆ. ಅದು ಬಸ್ಸಲ್ಲದೆ ಮತ್ತೇನು? ಮೂರನ್ನೂ ಒತ್ತಿದೆ. ನಾನು ಮನುಷ್ಯನಲ್ಲ ಎಂದು ತೀರ್ಮಾನವಾಯಿತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಯಾವ ಮ್ಯಾನೇಜರೂ ನನಗೆ ಹಾಗೆಂದಿರಲಿಲ್ಲ.

ಜೀಪು ಬಿಟ್ಟು ಮತ್ತೆ ಒತ್ತಿ ಮನುಷ್ಯನಾದೆ. ಪಾಸ್‌ವರ್ಡ್ ಕೇಳಿತು: ದೊಡ್ಡ ಅಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು. ಕಲ್ಲಿನಿಂದ ಇಳಿದರೆ ಇಂಟರ್ನೆಟ್ ಹೋಗುತ್ತದೆ, ಬರೆದಿಡಲು ಪೆನ್ನಿಲ್ಲ. ಕೈಯಳತೆಯಲ್ಲಿ ಮಸಿ ಬ್ರಷ್ ಇತ್ತು, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ತುಂಬಿದ ಚೀಲ ಇತ್ತು. ಲಾಟ್ ನಂಬರಿನ ಕೆಳಗೇ ಬರೆದುಬಿಟ್ಟೆ. ಜೀವಮಾನವೆಲ್ಲ ಚೀಲದ ಮೇಲೆ ಬರೆದ ಕೈ, ಇನ್ನೆಲ್ಲಿ ಬರೆದೀತು?

ಮಾರನೆಯ ದಿನ ಆಟ ತೆರೆದರೆ ಮತ್ತೆ ಪಾಸ್‌ವರ್ಡ್ ಕೇಳಿತು. ಚೀಲಗಳಿದ್ದ ಕಡೆಗೆ ಓಡಿದೆ. ಚೀಲಗಳೆಲ್ಲ ಲಾರಿ ಹತ್ತಿ ಕಾಫಿ ಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದವು. ಮರೆತವರಿಗೆ ಇ-ಮೇಲ್ ಕಳಿಸುತ್ತೇವೆ ಎಂದಿತು ಆಟ. ಆ ಇ-ಮೇಲಿನ ಪಾಸ್‌ವರ್ಡನ್ನು ಮರೆತು ಯಾವ ಕಾಲವಾಯಿತೋ. ಅಷ್ಟರಲ್ಲಿ ಸುಮಿತ್ರಾಳ ಫೋನ್: "ನಿನ್ನೆಯಿಂದ ಫೋನನ್ನ ದಿಂಬಿನ ಪಕ್ಕ ಇಟ್ಕೊಂಡಿದಾರೆ ಅಣ್ಣ. ಮಾತಾಡಲ್ಲ, ಆದ್ರೆ ಅದನ್ನೇ ನೋಡ್ತಿರ್ತಾರೆ." ಕಾಯುತ್ತಿರುವ ಮನುಷ್ಯನನ್ನು ನಾನೇ ಕಾಯಿಸುತ್ತಿದ್ದೇನಲ್ಲ!

ನಾಚಿಕೆ ಬಿಟ್ಟು ಕ್ಯೂರಿಂಗ್ ವರ್ಕ್ಸಿನ ತೂಕದ ಗುಮಾಸ್ತರಿಗೆ ಫೋನ್ ಮಾಡಿದೆ. ದಿನಾ ಮಾಡಿದೆ. ನಾಲ್ಕನೆಯ ದಿನ ಅವರೇ ಕರೆದರು.

"ಸಿಕ್ತು ಮಾರಾಯ್ರೆ ನಿಮ್ಮ ಚೀಲ! ಇದು ಹೊಸ ಗ್ರೇಡು ಅಂದ್ಕೊಂಡು ನಾವು ಬೇರೆ ತೆಗೆದಿಟ್ಟಿದ್ವಿ. ಲಿಂಗಪ್ಪ ಅಟ್ ನಾಲ್ಕು ಅಂದ್ರೆ ಯಾವ ಜಾತಿ ಕಾಫಿ?"

ಗೋದಾಮಿಗೆ ಗೋದಾಮೇ ನಗುತ್ತಿರುವುದು ಫೋನಿನಲ್ಲಿ ಕೇಳಿಸಿತು.

ಅವತ್ತು ಮಧ್ಯಾಹ್ನ ಕಲ್ಲಿನ ಮೇಲೆ ನಿಂತು ಆಟಕ್ಕೆ ಕರೆದೆ. ಬಿಸಿಲಿಗೆ ತಲೆಗೆ ಟವೆಲು ಸುತ್ತಿಕೊಂಡು ನಿಂತೇ ಇದ್ದೆ. ಆಮೇಲೆ ಆ ಕಡೆಯ ಕಾಯಿ ಒಂದು ಮನೆ ಸರಿಯಿತು. ನನಗೆ ಚೌಕದ ಮೇಲೆ ಚೌಕ ಬೀಳುತ್ತಿತ್ತು. ಅವರ ಕಾಯಿಗಳನ್ನು ಒಂದೊಂದಾಗಿ ಕಡಿದೆ. ಅಯ್ಯೋ, ರೋಗಿಯನ್ನು ಸೋಲಿಸಬಾರದಿತ್ತು ಎಂದುಕೊಳ್ಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ರೈಟ್ರೇ, ಇದರೊಳಗೂ ಕಳ್ಳ ಕವಡೆ ಹಾಕಿದಾರೆ ಮಾರಾಯ್ರೆ!"

ಹಿಂದೆ ಸುಮಿತ್ರಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಲಿಂಗಪ್ಪನವರು ಈಗ ಕೋಲು ಹಿಡಿದು ಓಡಾಡುತ್ತಾರೆ. ನಮ್ಮ ಇಳಿಜಾರು ಹತ್ತಲಾಗದು, ಕಳಸದಲ್ಲೇ ಇದ್ದಾರೆ. ಇವತ್ತು ಆಟ ಹೊಸದಾಗಿ ಅಪ್‌ಡೇಟ್ ಆಗಿ, ಮತ್ತೆ ನೋಂದಣಿ ಮಾಡು, ಹೊಸ ಪಾಸ್‌ವರ್ಡ್ ಕೊಡು ಎಂದಿತು. ಹಿಂದಿನ ನಾನಾಗಿದ್ದರೆ ಬೈಯುತ್ತಿದ್ದೆ. ಇವತ್ತು ಬ್ರಷ್ ಅದ್ದಿ ಪಲ್ಪರ್ ಮನೆಯೊಳಗೆ ಹೋದೆ. ಕಟ್ಟೆಯ ಮೇಲೆ ಮಾಸಿಹೋಗಿದ್ದ ಇದ್ದಿಲಿನ ಮನೆಗಳನ್ನು ಮಸಿಯಲ್ಲಿ ಮತ್ತೆ ಎಳೆದು, ಪಕ್ಕದ ಗೋಡೆಯ ಮೇಲೆ ಪಾಸ್‌ವರ್ಡ್ ಬರೆದೆ. ಈ ಗೋಡೆ ಯಾವ ಲಾರಿಯನ್ನೂ ಹತ್ತುವುದಿಲ್ಲ. ಅಷ್ಟರಲ್ಲಿ ಅವರ ಫೋನ್ ಬಂತು.

"ಎಲ್ಲಿ ಹೋದ್ರಿ ರೈಟ್ರೇ? ನಾನಿಲ್ಲಿ ಆಗ್ಲಿಂದ ಕಾಯ್ತಾ ಕೂತಿದೀನಿ."

"ಬಂದೆ ಮೇಸ್ತ್ರಿಗಳೇ" ಎಂದು ಕಲ್ಲು ಹತ್ತಿದೆ.