ಮಿಸ್ತ್ರಿ ಒರೆಸಿದ ದಾರ

ಹೊಲಿಗೆ ಯಂತ್ರದ ಮಿಸ್ತ್ರಿಯ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಗೀರಿತ್ತು. ಗಾಯದ ಗುರುತಲ್ಲ, ಬದುಕಿಡೀ ದಾರ ಹಾದು ಹಾದು ಕೊರೆದ ಸಣ್ಣ ಕಾಲುವೆ. ದಾರವನ್ನು ಅದರಲ್ಲಿ ಕೂರಿಸಿ, ಕಣ್ಣು ಮುಚ್ಚಿ ಒಂದು ಸಲ ಎಳೆದರೆ ಸಾಕು, ಅದರ ಯೋಗ್ಯತೆ ಅವರಿಗೆ ತಿಳಿಯುತ್ತಿತ್ತು.

ಮಂಗಳವಾರ, ಬೆಳಿಗ್ಗೆ ಏಳೂವರೆ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಮಿಸ್ತ್ರಿ. ಹೆಂಡತಿಯ ಯಂತ್ರ ರಿಪೇರಿ ಮಾಡಲು ಅವರು ಬಂದಿದ್ದರು. ಕೆಲಸಕ್ಕೆ ಕೂರುವ ಮುಂಚೆ ಯಾವಾಗಲೂ ಒಂದು ಸ್ಟೀಲ್ ತಟ್ಟೆ ಕೇಳಿ ಪಡೆಯುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಅಂಚಿನುದ್ದಕ್ಕೂ ಜೋಡಿಸುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು, ಸಾಲು ತಪ್ಪಿದವರನ್ನು ಎಂದೂ ಸಹಿಸದ ನನಗೆ ಆ ತಟ್ಟೆಯನ್ನು ನೋಡುವುದೇ ಒಂದು ಸುಖ. ಎಣ್ಣೆ ಸುರಿದಿಟ್ಟ ಯಂತ್ರ ಕಂಡರೆ ಮಾತ್ರ ಅವರಿಗೆ ಸಿಟ್ಟು. “ಇದು ಮಷಿನ್ ಅಲ್ರಿ ಅಕ್ಕಾರ, ಬಜಿ ಕರಿಯೋ ಕಡಾಯಿ” ಎಂದು ನನ್ನ ಹೆಂಡತಿಯನ್ನೂ ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ ಸೋತಿತ್ತು. ಎರಡೂ ಕೈಗೆ ಸಮ ಕೆಲಸ ಕೊಡಿ ಎಂದಿದ್ದರು ವೈದ್ಯರು. ಹಳೆಯ ವಿದ್ಯಾರ್ಥಿಯೊಬ್ಬ ಎರಡು ದಾರದ ಸ್ಟಂಟ್ ಗಾಳಿಪಟ ತಂದುಕೊಟ್ಟಿದ್ದ. ಒಂದೊಂದು ಕೈಗೆ ಒಂದೊಂದು ಹಿಡಿಕೆ. ಬಲದ ದಾರ ಎಳೆದರೆ ಪಟ ಬಲಕ್ಕೆ ಸುತ್ತುತ್ತದೆ, ಎಡದ್ದು ಎಳೆದರೆ ಎಡಕ್ಕೆ. ಸುತ್ತುವಾಗ ಎರಡು ದಾರಗಳೂ ಹೆಣೆದುಕೊಳ್ಳುತ್ತವೆ; ಒಂದರ ಮೇಲೊಂದು ಜಾರಿದರೆ ಮಾತ್ರ ಪಟ ತಿರುಗುತ್ತದೆ. ಬೈಪಾಸ್ ಪಕ್ಕದ ಬಯಲಿನಲ್ಲಿ ನಿತ್ಯ ಸಂಜೆ ಐದಕ್ಕೆ ಸರಿಯಾಗಿ ಹಾರಿಸುತ್ತಿದ್ದೆ. ಮೊದಲ ತಿಂಗಳು ಎಡಗೈ ಹೇಳಿದ ಮಾತು ಕೇಳಿತು. ಆಮೇಲೆ ದಿನದಿಂದ ದಿನಕ್ಕೆ ಎಡ ತಿರುವು ತಡವಾಯಿತು. ಕೊನೆಗೆ ನಿಂತೇ ಹೋಯಿತು. ಕೈ ಮತ್ತೆ ಸಾಯುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಗಾಳಿಪಟವನ್ನು ಯಾರಿಗಾದರೂ ಕೊಟ್ಟುಬಿಡು ಎಂದಷ್ಟೇ ಹೆಂಡತಿಗೆ ತಿಳಿಸಿ, ಅದನ್ನು ಬಾಗಿಲ ಬಳಿ ಇಟ್ಟಿದ್ದೆ.

“ಇದ್ಯಾಕ ಇಲ್ಲಿ ಬಿದ್ದೈತ್ರಿ ಮಾಸ್ತರ?” ಎಂದರು ಮಿಸ್ತ್ರಿ.

“ಎಡಗೈ ಹೋತು, ಮಿಸ್ತ್ರಿ. ಇನ್ನ ಅದು ನನಗ ಬ್ಯಾಡ.”

ಚಹಾ ತರುತ್ತಿದ್ದ ಹೆಂಡತಿ ಹೊಸ್ತಿಲಲ್ಲೇ ನಿಂತಳು.

ಮಿಸ್ತ್ರಿ ನನಗೆ ಸಮಾಧಾನ ಹೇಳಲಿಲ್ಲ. ಎಡದ ದಾರವನ್ನು ಬೆರಳಿನ ಗೀರಿನಲ್ಲಿ ಕೂರಿಸಿ ಎಳೆದರು. ಬೆರಳಿಗೆ ಕೆಂಪು ಜಿಡ್ಡು ಮೆತ್ತಿತು.

“ಇದಕ್ಕೇನು ಹಚ್ಚೀರಿ?”

“ಮಷಿನ್ ಎಣ್ಣಿ. ದಿನಾ ಬೆಳಿಗ್ಗೆ ಆರಕ್ಕ. ಒಂದಿನಾನೂ ತಪ್ಪಿಸಿಲ್ಲ.”

“ಎರಡಕ್ಕೂ ಅಷ್ಟಷ್ಟೇ ಏನು?”

“ಎಡದ್ದು ಬಿಗಿ ಅನ್ನಿಸ್ತು. ಅದಕ್ಕ ಎರಡು ಪಾಲು.”

ಅವರು ನಕ್ಕುಬಿಟ್ಟರು. “ಭಾಳ ಶಿಸ್ತಿಲೆ ಕೆಡಿಸೀರಿ ಬಿಡ್ರಿ!”

ಎರಡು ಬಾಟಲಿಗಳಲ್ಲಿ ಸಮ ನೀರು ತುಂಬಿಸಿಕೊಂಡರು. ಒಂದೊಂದು ದಾರದ ತುದಿಗೆ ಒಂದೊಂದು ಕಟ್ಟಿ, ಕಿಟಕಿಯ ಅಡ್ಡ ಸರಳಿನ ಮೇಲೆ ಇಳಿಬಿಟ್ಟು, ಹಿಡಿಕೆಗಳನ್ನು ನನ್ನ ಕೈಗೆ ಕೊಟ್ಟರು. ಬಲಗೈಯಿಂದ ಎಳೆದೆ, ಬಾಟಲಿ ಸರಾಗ ಏರಿತು. ಎಡಗೈಯಿಂದ ಎಳೆದೆ; ಬಾಟಲಿ ತಡೆತಡೆದು ಅರ್ಧದಲ್ಲೇ ನಿಂತಿತು. “ನೋಡಿದ್ರೇನು?” ಎಂದೆ. ಅವರು ಹಿಡಿಕೆಗಳನ್ನು ಅದಲು ಬದಲು ಮಾಡಿದರು. ಈಗ ನಿಂತುಹೋದದ್ದು ಬಲಗೈಯ ಬಾಟಲಿ. ಎಡಗೈಯದು ನಿಧಾನವಾಗಿ, ನಡುಗುತ್ತಲೇ, ಸರಳಿನವರೆಗೂ ಏರಿತು.

“ಈಗ ಬಲಗೈಗೂ ಲಕ್ವ ಹೊಡೀತೇನ್ರಿ ಮಾಸ್ತರ? ಕೈ ಚಲೋ ಐತಿ. ದಾರ ಕೆಟ್ಟೈತಿ.”

ನಂಬದೆ ಮತ್ತೆ ಎಳೆದೆ. ಮತ್ತೆ ಮತ್ತೆ ಎಳೆದೆ. ಹೆಂಡತಿ ಚಹಾದ ಲೋಟಗಳನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ತಿರುಗಿಕೊಂಡಳು.

ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳ ಕೆಂಪು ಧೂಳು ಆ ಬಯಲಿನ ಮೇಲೆ ಸದಾ ಹಾರುತ್ತದೆ. ನಾನು ಹಚ್ಚಿದ ಎಣ್ಣೆ ಅದನ್ನೆಲ್ಲ ದಾರದೊಳಕ್ಕೆ ಎಳೆದುಕೊಂಡಿತ್ತು. ಎಡಗೈ ಸೋತಿತೆಂದು ಎಡದ ದಾರಕ್ಕೆ ಹೆಚ್ಚು ಎಣ್ಣೆ. ಎಣ್ಣೆ ಹೆಚ್ಚಾದಷ್ಟೂ ಹೆಚ್ಚು ಧೂಳು. ಧೂಳು ಕೂತಷ್ಟೂ ಎಡಗೈ ಸೋತಂತೆ. ನನ್ನ ನಿಯಮವೇ ನನ್ನ ಕೈ ಕಟ್ಟಿತ್ತು.

ಮಿಸ್ತ್ರಿ ಹೊಲಿಗೆ ಯಂತ್ರವನ್ನು ಹಾಗೆಯೇ ಬಿಟ್ಟರು. ಎರಡೂ ದಾರಗಳನ್ನು ಶಾಂಪೂ ನೀರಿನಲ್ಲಿ ಅದ್ದಿ ತೊಳೆದೆವು. ಮುಂಬಾಗಿಲಿನಿಂದ ಹಿತ್ತಲ ಪೇರಲ ಗಿಡದವರೆಗೆ ಮನೆಯ ನಡುವೆಯೇ ಕಟ್ಟಿ, ನೆರಳಿನಲ್ಲಿ ಒಣಗಿಸಿದೆವು. ಬಿಳಿ ಪಂಚೆಯ ತುಂಡಿನಿಂದ ಒರೆಸುತ್ತ ಅವರು ಹದಿನಾರು ಸಲ ಆ ಕಡೆಯಿಂದ ಈ ಕಡೆಗೆ ನಡೆದರು. ಬಟ್ಟೆ ಬಿಳಿಯಾಗಿಯೇ ಉಳಿದ ಮೇಲೆ ಚೀಲದಿಂದ ಸಣ್ಣ ಶೀಶೆ ತೆಗೆದರು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದಾರ ಜಾರಲೆಂದು ಬಳಸುವ ಸಿಲಿಕೋನ್ ಎಣ್ಣೆ. ಉಣ್ಣೆ ಬಟ್ಟೆಗೆ ಎರಡೇ ಹನಿ ಹಾಕಿ ದಾರದ ಮೇಲೆ ಒಮ್ಮೆ ಎಳೆದರು, ಕೂಡಲೇ ಒಣ ಬಟ್ಟೆಯಿಂದ ಒರೆಸಿಯೂ ಬಿಟ್ಟರು.

“ಹಚ್ಚಿದ್ದನ್ನೇ ಒರಸ್ತೀರಲ್ಲ?” ಎಂದೆ.

“ಹಚ್ಚೋದು ಯಾರಿಗಾದ್ರೂ ಬರತೈತ್ರಿ. ಒರಸೋದ ಕೆಲಸ.”

ಕೊನೆಗೆ ಎರಡೂ ತುದಿಗಳನ್ನು ಒಂದೇ ಮೊಳೆಗೆ ಸಿಕ್ಕಿಸಿ ಹಿಡಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಉದ್ದದಲ್ಲಿ ಬೆರಳಗಲದಷ್ಟು ವ್ಯತ್ಯಾಸ. ಅದನ್ನು ಸರಿಮಾಡಲು ಇನ್ನೊಂದು ಗಂಟೆ.

ಮಿಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತು. ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ನನಗೆ ವ್ಯಾಯಾಮ ಹೇಳಿಕೊಟ್ಟವರು ಹಲವರಿದ್ದಾರೆ. ನನ್ನ ಲೆಕ್ಕಾಚಾರ ತಪ್ಪೆಂದು ಕಿಟಕಿಯ ಸರಳಿನ ಮೇಲೆ ತೋರಿಸಿಕೊಟ್ಟವರು ಅವರೊಬ್ಬರೇ.

ಆ ಮಂಗಳವಾರ ಸಂಜೆ ಐದಕ್ಕೆ ನಾವು ಮೂವರೂ ಬಯಲಿಗೆ ಹೋದೆವು. ಪಟ ಏರಿತು. ಎಡಗೈ ಎಳೆದೆ. ಪಟ ಎಡಕ್ಕೆ ಹೊರಳಿ ಪೂರ್ತಿ ಒಂದು ಸುತ್ತು ಬಂತು. ಮತ್ತೊಂದು ಸುತ್ತು. ಮತ್ತೊಂದು. “ಸಾಕ್ರಿ, ನನಗ ತಲಿ ತಿರುಗಾಕ ಹತ್ತೈತಿ!” ಎಂದು ಮಿಸ್ತ್ರಿ ಕೂಗಿದರು.

ಪಟ ಇಳಿಸಿದ ಮೇಲೆ ದಾರವನ್ನು ಎಡಗೈಯಿಂದಲೇ ಸುತ್ತಬೇಕೆಂದರು. ಸಹಾಯಕ್ಕೆ ಬಂದ ಹೆಂಡತಿಯನ್ನು ತಡೆದು, “ಕುಂದ್ರಿ ಅಕ್ಕಾರ, ಅವಸರ ಏನೈತಿ?” ಎಂದರು. ಇಬ್ಬರೂ ಬಂಡೆಯ ಮೇಲೆ ಕೂತು ಬೆಲ್ಲದ ರೇಟಿನ ಮಾತಿಗಿಳಿದರು, ನನ್ನ ಕಡೆ ನೋಡಲೇ ಇಲ್ಲ. ಎರಡು ಸಲ ಕೈ ಜಾರಿ ದಾರ ಮಣ್ಣಿಗೆ ಬಿತ್ತು. ಎರಡು ಸಲವೂ ಬಟ್ಟೆಯಿಂದ ಒರೆಸಿ ಮೊದಲಿನಿಂದ ಸುತ್ತಿದೆ. ಹೊತ್ತು ಮುಳುಗುವ ಮುಂಚೆ ಮುಗಿಯಿತು.