ಸಾವಿನ ಲೆಕ್ಕದವರು
ತೀರಿಕೊಳ್ಳುವ ಹಿಂದಿನ ದಿನ ಬೆಳಿಗ್ಗೆಯೂ ಅವಳ ಗಂಡ ಹಿತ್ತಿಲ ಬಾಗಿಲ ಮರೆಯಲ್ಲಿ ನಿಂತು, ‘ನಾನಿಲ್ಲ ಅಂದ್ಕೊಂಡು ನೀರಿನ ಮೋಟಾರು ಹಾಕು’ ಅಂದಿದ್ದರು. ‘ಬಿಡ್ತು ಅನ್ನಿ, ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು!’ ಎಂದು ಅವಳು ಬೈದಿದ್ದಳು. ಅವರ ಬಾಯಲ್ಲಿ ಬರುತ್ತಿದ್ದುದೇ ಅಂಥ ಮಾತು. ಆರೋಗ್ಯ ಇಲಾಖೆಯಲ್ಲಿ ಅವರದು ಸಾವಿನ ಲೆಕ್ಕ: ಯಾವ ಊರಲ್ಲಿ, ಯಾವ ವಯಸ್ಸಿನವರು, ಗಂಡಸರೆಷ್ಟು, ಹೆಂಗಸರೆಷ್ಟು ಎಂದು ತೆಗೆದು ಹೋಲಿಸುವುದು. ಪಕ್ಕದ ಮನೆಯವರು ‘ಆ ಊರಲ್ಲಿ ಜನ ತುಂಬಾ ಸಾಯ್ತಾರಂತೆ, ನೀರು ಸರಿಯಿಲ್ಲ’ ಅಂದರೆ ಸಾಕು, ಊಟ ಬಿಟ್ಟು ಎದ್ದು ಬರುತ್ತಿದ್ದರು. ‘ನೀರನ್ನ ಯಾಕ್ರೀ ಬೈತೀರಾ? ಅಲ್ಲಿ ಮುದುಕರೇ ಜಾಸ್ತಿ. ನಮ್ಮೂರಿನ ಮುದುಕರ ಪಕ್ಕ ಅಲ್ಲಿನ ಮುದುಕರನ್ನ, ಹೆಂಗಸರ ಪಕ್ಕ ಹೆಂಗಸರನ್ನ ಇಟ್ಟು ನೋಡಿ, ಆಮೇಲೆ ಹೇಳಿ.’ ನೆಂಟರ ಫೋಟೋ ಕೊಟ್ಟರೂ ಮುಖ ನೋಡುವ ಮೊದಲು ಎಲ್ಲರ ವಯಸ್ಸು ಕೇಳುತ್ತಿದ್ದರು. ತವರಿನವರ ಫೋಟೋ ತೋರಿಸಲು ಬಂದ ಹೊಸ ಸೊಸೆ ಹೆದರಿಯೇ ಹೋಗಿದ್ದಳು. ‘ನಮ್ಮ ವಯಸ್ಸಲ್ಲಿ ಗಂಡಸರೇ ಕಣೇ ಜಾಸ್ತಿ ಹೋಗೋದು’ ಎನ್ನುತ್ತ ಫ್ಯೂಸ್ ಹಾಕುವುದು, ಬ್ಯಾಂಕಿನ ಚೀಟಿ ತುಂಬುವುದು, ಮೋಟಾರು, ಎಲ್ಲವನ್ನೂ ಹೆಂಡತಿಗೆ ಕಲಿಸಿದರು. ತಾವು ಮಾತ್ರ ಹಾಲು ಕಾಯಿಸುವುದನ್ನೂ ಕಲಿಯಲಿಲ್ಲ. ‘ನಾನೇ ಮೊದಲು ಹೋದ್ರೆ ಏನ್ಮಾಡ್ತೀರಿ?’ ಎಂದು ಅವಳು ಒಮ್ಮೆ ಕೇಳಿದಳು. ಊರೂರಿನ ಲೆಕ್ಕ ಹೇಳುತ್ತಿದ್ದ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, ‘ಆ ಲೆಕ್ಕ ನಾನು ಮಾಡಿಲ್ಲ’ ಅಂದರು. ಈಗಲೂ ದಿನಾ ಬೆಳಿಗ್ಗೆ ಅವಳು ಮೋಟಾರಿಗೆ ಒಂದು ಚೊಂಬು ನೀರು ಹೊಯ್ದು, ಗಾಳಿ ಹೋಗುವವರೆಗೆ ಕಾದು, ಸ್ವಿಚ್ ಹಾಕುತ್ತಾಳೆ. ಬಾಗಿಲ ಮರೆಯತ್ತ ತಿರುಗುವುದಿಲ್ಲ. ಅವರು ಇದ್ದಾರೆ ಅಂದುಕೊಂಡು ಹಾಕುತ್ತಾಳೆ.