ಖಾಲಿ ಹಗೇವು

ಎರಡನೇ ಮಹಾಯುದ್ಧದ ವರ್ಷಗಳವು. ಹೈದರಾಬಾದಿನಲ್ಲಿ ಓದಿ, ದೇವರಿಲ್ಲವೆಂದು ಖಚಿತಪಡಿಸಿಕೊಂಡು ಕುಷ್ಟಗಿ ಸೀಮೆಯ ನಮ್ಮೂರಿಗೆ ಬಂದಿದ್ದೆ. ದೇವರಿಲ್ಲದಿದ್ದರೂ ಹಸಿವೆಯಾಗುತ್ತಿತ್ತು. ಅಪ್ಪ ತೀರಿಹೋದ ಮನೆ. ಊಟಕ್ಕೆ ನವಣೆಯ ಗಂಜಿ. ಅಂಗಳದಲ್ಲಿ ನೆಲದೊಳಗಿನ ಕಣಜವಾದ ಹಗೇವಿನ ತಳದಲ್ಲಿ ಬಿತ್ತನೆಗೆಂದು ಇಟ್ಟ ಜೋಳವಷ್ಟೇ ಉಳಿದಿತ್ತು. ಅದನ್ನು ತಿಂದರೆ ಹೊಲ ಬೀಳು.

ಶ್ರಾವಣದಲ್ಲಿ ಮಠದ ಸ್ವಾಮಿಗಳು ಬಂದರು. ಅವರಿಗೆ ದೇವರ ಮೇಲೆ ಅಪಾರ ನಂಬಿಕೆ; ಭಕ್ತರ ಅಡುಗೆಮನೆಯ ಮೇಲೆ ಅದಕ್ಕಿಂತ ತುಸು ಹೆಚ್ಚು. ಅವ್ವ ಕಷ್ಟ ಹೇಳಿಕೊಂಡಳು. ಇದ್ದುದನ್ನು ಬಚ್ಚಿಡಬೇಡ, ಸೋಮವಾರ ಜಂಗಮರಿಗೆ ಉಣಿಸು, ಕೊಡುವವನು ಕೊಡುತ್ತಾನೆ ಎಂದು ಅಪ್ಪಣೆಯಾಯಿತು.

ನಾನು ಮಳೆಮಾರುತ, ಅರ್ಥಶಾಸ್ತ್ರ ಎಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡು ಹಗೇವಿನ ಬಾಯಿಯ ಕಲ್ಲು ಸರಿಸಿದಳು.

"ಬಿತ್ತೂದು ಏನವ್ವಾ?" ಎಂದೆ.

"ಮಠದ ಅಜ್ಜಾರು ಅಂದಾರ. ಮುಂದಿಂದು ನಿನಗ್ಯಾಕ?"

ಜಂಗಮರು ಹಿಂಡುಹಿಂಡಾಗಿ ಬಂದು ರೊಟ್ಟಿ ಮುರಿದರು. ವೈರಾಗ್ಯ ಜೀರ್ಣಶಕ್ತಿಯನ್ನು ಅಷ್ಟು ಹೆಚ್ಚಿಸುತ್ತದೆಂದು ನನ್ನ ಪುಸ್ತಕಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಉಳಿದ ರೊಟ್ಟಿಯನ್ನು ತಾತ್ವಿಕ ವಿರೋಧ ಇಟ್ಟುಕೊಂಡೇ ನಾನೂ ತಿಂದೆ.

ಮರುದಿನವೋ ಅದರ ಮರುದಿನವೋ ಸರ್ಕಾರದ ಕಂದಾಯ ಅಧಿಕಾರಿ ಗಿರದಾವರ, ರೈತರು ಕಡ್ಡಾಯವಾಗಿ ಕೊಡಬೇಕಾದ ಲೇವಿ ಕಾಳಿನ ತಲಾಶಿಗೆ ಬಂದ. ಮೊದಲು ನಮ್ಮ ಮನೆ. ಸಿಪಾಯಿ ಹಗೇವಿಗೆ ಇಳಿದು ಮೈಯೆಲ್ಲ ಧೂಳಾಗಿ ಬರಿಗೈಯಲ್ಲಿ ಮೇಲೆ ಬಂದ. ಹೊತ್ತು ಮುಳುಗಿತೆಂದು ಉಳಿದ ಮನೆಗಳನ್ನು ಬೆಳಿಗ್ಗೆಗೆ ಬಿಟ್ಟು ಚಾವಡಿಗೆ ಹೋದರು. ಒಮ್ಮೆ ತಲಾಶಿಯಾದ ಮನೆಗೆ ಅವರು ಮತ್ತೆ ಬರುವುದಿಲ್ಲವೆಂದು ಓಣಿಗೆಲ್ಲ ಗೊತ್ತು. ಮುಸ್ಸಂಜೆಯಲ್ಲೇ ನೆರೆಯವರು ಚೀಲ ಹೊತ್ತು ಬಂದರು. ಜಂಗಮರಿಗೆ ಹಿಡಿ ಕಾಳು ಕೊಡದವರು ನಮ್ಮ ಹಗೇವನ್ನು ಕಂಠಮಟ್ಟ ತುಂಬಿಸಿದರು. ಪರರ ಹಗೇವಿನಲ್ಲಿ ಕಾಳಿಟ್ಟವರು ತಿರುಗಿ ಒಯ್ಯುವಾಗ ಮನೆಯವರಿಗೆ ಪಾಲು ಬಿಡುವುದು ನಮ್ಮಲ್ಲಿ ವಾಡಿಕೆ. ಗಿರದಾವರನ ಹೆದರಿಕೆ ಇನ್ನೂ ಇಳಿದಿರದ ಕಾರಣ ಧಾರಾಳವಾಗಿಯೇ ಬಿಟ್ಟರು. ಹಿಂಗಾರಿಗೆ ನಮ್ಮ ಹೊಲ ಬಿತ್ತನೆಯಾಯಿತು. ಕೊಡುವವನು ಕೊಟ್ಟ ಎಂದು ಸ್ವಾಮಿಗಳು ಊರೂರಿಗೆ ಹೇಳಿದರು. ಕೊಡಿಸಿದ ಗಿರದಾವರನ ಹೆಸರನ್ನು ಯಾರೂ ಎತ್ತಲಿಲ್ಲ.

ಈ ಕಥೆಯನ್ನು ನಾನು ಬಹಳ ಕಾಲ ಹೀಗೆಯೇ ಹೇಳಿ ನಗಿಸಿದ್ದೇನೆ. ಒಂದು ಸಲ, ಆಗ ಮನೆಯಲ್ಲೇ ಇದ್ದ ಅಕ್ಕ ತಡೆದಳು. ಗಿರದಾವರ ಹತ್ತಿರದ ತಾವರಗೇರಾಕ್ಕೆ ಬಂದಿಳಿದ ಸುದ್ದಿ ಸೋಮವಾರಕ್ಕಿಂತ ಮೊದಲೇ ಅವ್ವನ ಕಿವಿಗೆ ಬಿದ್ದಿತ್ತಂತೆ. ಹೇಗೂ ಸರ್ಕಾರದ ಪಾಲಾಗುವ ಜೋಳವೆಂದು ಗೊತ್ತಿದ್ದೇ ಅವ್ವ ಅಡುಗೆಗಿಟ್ಟಳಂತೆ. ನನ್ನ ನೆನಪಿನಲ್ಲಿ ಆ ಸುದ್ದಿ ಊಟವಾದ ಮೇಲೆ ಬಂದದ್ದು. ಅಥವಾ ಹಾಗೆ ಬಂದರೆ ಕಥೆ ಛಲೋ ಇರುತ್ತದೆಂದು ನಾನೇ ಊಟದ ನಂತರಕ್ಕೆ ಸರಿಸಿದೆನೋ, ಈಗ ಹೇಳಲಾರೆ. ಅಕ್ಕನ ಮಾತು ನಿಜವಾದರೆ ಆ ಮನೆಯಲ್ಲಿ ಲೆಕ್ಕ ಹಾಕಿದವಳು ಅವ್ವ. ಪವಾಡವನ್ನು ನಂಬಿ ಅದರ ಮೇಲೆ ಸಿಟ್ಟು ಮಾಡಿಕೊಂಡು ಕೂತವನು ನಾನು.

ಮುದುಕಿಯಾದ ಅವ್ವನನ್ನು ನೇರವಾಗಿ ಕೇಳಿದೆ: "ಸುದ್ದಿ ಮೊದಲೇ ಗೊತ್ತಿತ್ತೋ, ಇಲ್ಲೋ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿದ್ರ ಏನಾತಪಾ? ಆ ಸುದ್ದಿ ಯಾರು ಕಳಿಸ್ಯಾರಂತ ತಿಳಿದಿ?"

ಅವಳು ತಾಟಿಗೆ ಹಾಕಿದ ಬಿಸಿ ರೊಟ್ಟಿಗೆ ಕೈ ಚಾಚಿದೆ.